ಸಾಕ್ಷಿ ಹೇಳಬೇಕಾದವನೇ ಉಮೇದುವಾರನಾದರೆ

ಟಿ.ವಿ. ಪರದೆಯಲ್ಲಿ ದಿನವೂ ಕಾಣುತ್ತಿದ್ದ ಮುಖವೊಂದು ಇದ್ದಕ್ಕಿದ್ದಂತೆ ಪಕ್ಷದ ಶಾಲು ಹೊದ್ದು ನಿಂತರೆ ನಾವು ಏನು ಮಾಡುತ್ತೇವೆ? ಪಕ್ಷ ನಮಗೆ ಇಷ್ಟವಾದುದಾದರೆ ಚಪ್ಪಾಳೆ ತಟ್ಟುತ್ತೇವೆ. ಅಲ್ಲವಾದರೆ, 'ಇವನ ಬಣ್ಣ ನನಗೆ ಮೊದಲೇ ಗೊತ್ತಿತ್ತು' ಎಂದು ಮೂದಲಿಸುತ್ತೇವೆ. ಈ ಚಪ್ಪಾಳೆ ಮತ್ತು ಮೂದಲಿಕೆಯ ಗದ್ದಲದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದು ಕಳೆದುಹೋಗುತ್ತದೆ. ನಿನ್ನೆಯವರೆಗೆ ಆತ ನಮಗೆ ಓದಿ ಹೇಳಿದ ಸುದ್ದಿ ಯಾರಿಗಾಗಿ ತಯಾರಾಗಿತ್ತು?

ನೆರೆಯ ಕೇರಳವನ್ನೇ ನೋಡಿ. ಎಂ.ವಿ. ನಿಕೇಶ್ ಕುಮಾರ್ ಅಲ್ಲಿಯ ಮನೆಮನೆಗೆ ಪರಿಚಿತ ಹೆಸರು. 2003ರಲ್ಲಿ ಆರಂಭವಾದ ಇಂಡಿಯಾವಿಷನ್ ಚಾನೆಲ್‌ನ ಸುದ್ದಿ ವಿಭಾಗವನ್ನು ಮುನ್ನಡೆಸಿದವರು ಅವರು. ಆ ಚಾನೆಲ್‌ನ ಅಧ್ಯಕ್ಷರಾಗಿದ್ದುದು ಮುಸ್ಲಿಮ್ ಲೀಗ್‌ನ ನಾಯಕ ಮತ್ತು ಅಂದಿನ ಸಚಿವ ಎಂ.ಕೆ. ಮುನೀರ್. ಆದರೆ 2004ರಲ್ಲಿ ಅದೇ ಲೀಗ್‌ನ, ಅದೇ ಸಂಪುಟದ ಪ್ರಭಾವಿ ಸಚಿವರೋರ್ವರ ವಿರುದ್ಧದ ಗಂಭೀರ ಆರೋಪವನ್ನು ಆ ಚಾನೆಲ್ ಪ್ರಸಾರ ಮಾಡಿತು. 2005ರ ಜನವರಿಯಲ್ಲಿ ಆ ಸಚಿವರು ರಾಜೀನಾಮೆ ನೀಡಬೇಕಾಯಿತು. ಆರೋಪದ ಸತ್ಯಾಸತ್ಯತೆಯ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದುದು ಇಷ್ಟೇ: ಓರ್ವ ಶಾಸಕನಿಗೂ ಸಾಧ್ಯವಾಗದ್ದು ಓರ್ವ ಪತ್ರಕರ್ತನಿಗೆ ಸಾಧ್ಯವಾಯಿತು. ಅದೂ ತನ್ನ ಸಂಸ್ಥೆಯ ಅಧ್ಯಕ್ಷರ ಪಕ್ಷದ ವಿರುದ್ಧವೇ.

ಅದೇ ನಿಕೇಶ್ ಕುಮಾರ್, 2016ರಲ್ಲಿ ಕಣ್ಣೂರು ಜಿಲ್ಲೆಯ ಅಝೀಕ್ಕೋಡ್‌ನಲ್ಲಿ ಸಿಪಿಎಂ ಅಭ್ಯರ್ಥಿಯಾದರು. ಆ ಹೊತ್ತಿಗೆ ಅವರು ತಾವೇ ಕಟ್ಟಿದ ರಿಪೋರ್ಟರ್ ಟಿ.ವಿ.ಯ ಮುಖ್ಯಸ್ಥರು. ಕುಡಿಯುವ ನೀರಿನ ಸಮಸ್ಯೆಯನ್ನು ತೋರಿಸಲು ಕ್ಯಾಮರಾದ ಮುಂದೆ ಬಾವಿಗೇ ಇಳಿದರು. ವರದಿಗಾರನಾಗಿ ಇಳಿದಿದ್ದರೆ ಜನರು ಬಾವಿಯ ನೀರನ್ನು ನೋಡುತ್ತಿದ್ದರು. ಅಭ್ಯರ್ಥಿಯಾಗಿ ಇಳಿದದ್ದರಿಂದ ಬಾವಿಯಲ್ಲಿದ್ದ ಅಭ್ಯರ್ಥಿಯನ್ನು ನೋಡಿದರು ಮತ್ತು ನಕ್ಕರು. ನೀರು ಹಾಗೆಯೇ ಉಳಿಯಿತು. ಎರಡು ಸಾವಿರಕ್ಕಿಂತ ತುಸು ಹೆಚ್ಚು ಮತಗಳಿಂದ ಅವರು ಲೀಗ್‌ನ ಕೆ.ಎಂ. ಶಾಜಿಯವರಿಗೆ ಸೋತರು. ಕೋಮು ಭಾವನೆ ಕೆರಳಿಸುವ ಕರಪತ್ರ ಹಂಚಲಾಗಿದೆ ಎಂದು ಹೈಕೋರ್ಟ್‌ಗೆ ದೂರು ಕೊಟ್ಟರು. 2018ರ ನವೆಂಬರ್‌ನಲ್ಲಿ ಹೈಕೋರ್ಟ್ ಶಾಜಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಪ್ರಕರಣ ಬಳಿಕ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಇಲ್ಲಿ ನಿಲ್ಲೋಣ. ಸೋತ ಬಳಿಕ ನಿಕೇಶ್ ಕುಮಾರ್ ಮತ್ತೆ ಸಂಪಾದಕನ ಕುರ್ಚಿಗೆ ಮರಳಿದರು. ಒಂದು ಕಡೆ ಅವರು ನ್ಯಾಯಾಲಯದಲ್ಲಿ ಅರ್ಜಿದಾರರು, ಇನ್ನೊಂದು ಕಡೆ ಸುದ್ದಿಮನೆಯ ಯಜಮಾನರು. ಲೀಗ್‌ನ ಬಗ್ಗೆ ಆ ಚಾನೆಲ್ ನೂರು ಪ್ರತಿಶತ ಸತ್ಯವನ್ನೇ ಹೇಳಿದರೂ ಮಲಪ್ಪುರಂನ ಸಾಮಾನ್ಯ ವೀಕ್ಷಕ ಅದನ್ನು ನಂಬಬೇಕಾದುದು ಹೇಗೆ? ಅವರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಸತ್ಯ ಹೇಳಿದರೂ ಅದು ಸಲ್ಲದಂತಹ ಸ್ಥಿತಿಯನ್ನು ಅವರೇ ತಂದುಕೊಂಡರು ಎನ್ನುತ್ತಿದ್ದೇನೆ. ಕೊನೆಗೆ 2024ರ ಜೂನ್‌ನಲ್ಲಿ ಅವರು ಮಾಧ್ಯಮ ಬಿಟ್ಟು ಪೂರ್ಣಪ್ರಮಾಣದಲ್ಲಿ ಪಕ್ಷದ ಕೆಲಸಕ್ಕೆ ಇಳಿದರು. ಎಂಟು ವರ್ಷ ತಡವಾಗಿ.

ಮದ್ರಸದಲ್ಲಿ ಫಿಕ್‌ಹ್ ಓದುವಾಗ ಸಾಕ್ಷ್ಯದ ಅಧ್ಯಾಯ ನನಗೆ ತೀರಾ ಒಣ ಪಾಠವೆನಿಸುತ್ತಿತ್ತು. ತನಗೆ ಲಾಭ ತರುವ ಸಾಕ್ಷ್ಯವನ್ನು ನ್ಯಾಯಾಧೀಶ ಸ್ವೀಕರಿಸುವಂತಿಲ್ಲ ಎಂಬ ನಿಯಮವಿದೆ. ಸಾಕ್ಷಿ ಸುಳ್ಳುಗಾರನೆಂಬ ಕಾರಣಕ್ಕಲ್ಲ. ಆತನ ಮಾತನ್ನು ತೂಗಲು ನ್ಯಾಯಾಧೀಶನ ಬಳಿ ತಕ್ಕಡಿ ಉಳಿಯುವುದಿಲ್ಲ ಎಂಬ ಕಾರಣಕ್ಕೆ. ಸುದ್ದಿಮನೆಗೆ ಬಂದ ಮೇಲೆಯೇ ಆ ಪಾಠದ ಬೆಲೆ ನನಗೆ ತಿಳಿದದ್ದು.

'ಹಾಗಾದರೆ ಮೌಲಾನಾ ಆಝಾದ್ ಪತ್ರಕರ್ತರಾಗಿರಲಿಲ್ಲವೇ? ಮುಹಮ್ಮದ್ ಅಲಿ ಜೌಹರ್?' ಎಂದು ಕೇಳುವವರಿದ್ದಾರೆ. ಖಂಡಿತ ಆಗಿದ್ದರು. ಆದರೆ 1912ರಲ್ಲಿ ಕಲ್ಕತ್ತದಿಂದ ಹೊರಟ 'ಅಲ್ ಹಿಲಾಲ್' ತಾನು ಯಾವ ಪಕ್ಷದಲ್ಲೂ ಇಲ್ಲದ ಸಾಕ್ಷಿ ಎಂದು ಎಂದೂ ಹೇಳಿಕೊಂಡಿರಲಿಲ್ಲ. ಅದರ ರಾಜಕೀಯ ಮೊದಲ ಪುಟದಲ್ಲೇ ಇತ್ತು. ಬ್ರಿಟಿಷರ ಪ್ರೆಸ್ ಕಾಯ್ದೆಯ ಹೊಡೆತಕ್ಕೆ 1914ರಲ್ಲಿ ಅದು ಮುಚ್ಚಿತು. 1916ರಲ್ಲಿ ಆಝಾದರನ್ನು ಬಂಗಾಳದಿಂದ ಹೊರಹಾಕಿ ರಾಂಚಿಯಲ್ಲಿಡಲಾಯಿತು. ಲೇಖನಿಯಿಂದ ರಾಜಕೀಯಕ್ಕೆ ಹೋದವರಿಗೆ ಅಂದು ಸಿಕ್ಕಿದ್ದು ಗಡೀಪಾರು. ಇಂದು ಸಿಗುವುದು ಟಿಕೆಟ್. ಇವೆರಡನ್ನು ಒಂದೇ ದಾರದಲ್ಲಿ ಪೋಣಿಸುವುದು ಆಝಾದರಿಗೆ ಮಾಡುವ ಅವಮಾನ.

ಅಷ್ಟಕ್ಕೂ, ರಾಜಕೀಯವು ಪತ್ರಕರ್ತರಿಂದ ಶುದ್ಧವಾಗುತ್ತದೆ ಎಂಬ ವಾದಕ್ಕೆ ಆಧಾರವಾದರೂ ಏನು? ಎಂ.ಜೆ. ಅಕ್ಬರ್ 'ಸಂಡೇ' ಮತ್ತು 'ಟೆಲಿಗ್ರಾಫ್' ಕಟ್ಟಿದವರು. ಕೋಮು ಗಲಭೆಗಳ ಬಗ್ಗೆ ಅವರು ಬರೆದ ವರದಿಗಳನ್ನು ಓದಿ ಪತ್ರಿಕೋದ್ಯಮಕ್ಕೆ ಬಂದ ಮುಸ್ಲಿಮ್ ಯುವಕರಿದ್ದಾರೆ. 1989ರಲ್ಲಿ ಬಿಹಾರದ ಕಿಶನ್‌ಗಂಜ್‌ನಿಂದ ಕಾಂಗ್ರೆಸ್ ಸಂಸದ, 1991ರಲ್ಲಿ ಸೋಲು, ಮತ್ತೆ ಸಂಪಾದಕ, 2014ರಲ್ಲಿ ಬಿಜೆಪಿ, 2016ರಲ್ಲಿ ಸಚಿವ. 2018ರ ಅಕ್ಟೋಬರ್‌ನಲ್ಲಿ, ಸುದ್ದಿಮನೆಯಲ್ಲಿ ಅವರ ಕೈಕೆಳಗೆ ದುಡಿದ ಮಹಿಳೆಯರ ದೂರುಗಳ ನಡುವೆ ರಾಜೀನಾಮೆ. ಕಿಶನ್‌ಗಂಜ್‌ನ ಬಡ ಮತದಾರ ಆ ಪ್ರಸಿದ್ಧ ಹೆಸರಿಗೆ ಹಾಕಿದ ಮತದಿಂದ ಪಡೆದದ್ದೇನು?

ಇನ್ನು ಆಶುತೋಷ್. 2014ರ ಜನವರಿಯಲ್ಲಿ ಚಾನೆಲ್‌ನ ಸಂಪಾದಕ ಹುದ್ದೆ ಬಿಟ್ಟು ಆಮ್ ಆದ್ಮಿ ಪಕ್ಷ ಸೇರಿದರು. ಚಾಂದನಿ ಚೌಕ್‌ನಲ್ಲಿ ಸ್ಪರ್ಧಿಸಿ ಸೋತರು. 2018ರಲ್ಲಿ ಪಕ್ಷ ಬಿಟ್ಟ ಬಳಿಕ ಅವರು ಹೇಳಿದ ಮಾತು ಮನ ಕಲಕುವಂಥದ್ದು. ತನ್ನ 23 ವರ್ಷಗಳ ಪತ್ರಿಕಾ ಬದುಕಿನಲ್ಲಿ ಯಾರೂ ಜಾತಿ ಕೇಳಿರಲಿಲ್ಲ, ಅಭ್ಯರ್ಥಿಯಾದಾಗ ತನ್ನ ಆಕ್ಷೇಪವಿದ್ದರೂ ಜಾತಿಸೂಚಕ ಅಡ್ಡಹೆಸರನ್ನು ಮುಂದಿಡಲಾಯಿತು ಎಂದರು. ವ್ಯವಸ್ಥೆಯನ್ನು ಬದಲಿಸಲು ಹೋದವರ ಹೆಸರನ್ನೇ ವ್ಯವಸ್ಥೆ ಬದಲಿಸಿತು! ಗುಜರಾತ್‌ನಲ್ಲಿ ಟಿ.ವಿ. ನಿರೂಪಕ ಇಸುದಾನ್ ಗಢ್ವಿ 2021ರಲ್ಲಿ ಅದೇ ಪಕ್ಷ ಸೇರಿ, 2022ರಲ್ಲಿ ಮುಖ್ಯಮಂತ್ರಿ ಅಭ್ಯರ್ಥಿಯೇ ಆದರು. ಸ್ವಂತ ಕ್ಷೇತ್ರದಲ್ಲೇ ಸೋತರು. ಗೆದ್ದವರೂ ಇದ್ದಾರೆ. ಮೈಸೂರಿನಲ್ಲಿ ಅಂಕಣಕಾರ ಪ್ರತಾಪ್ ಸಿಂಹ 2014 ಮತ್ತು 2019ರಲ್ಲಿ ಗೆದ್ದರು. 2024ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ.

ಇಷ್ಟೆಲ್ಲ ಬರೆಯುವ ನಾನು ಯಾರು? ಕೆಲವು ವರ್ಷಗಳ ಹಿಂದೆ ನಮ್ಮ ಪಟ್ಟಣದ ಪುರಸಭೆ ಚುನಾವಣೆಗೆ ಮುಂಚೆ ಪಕ್ಷವೊಂದರ ಇಬ್ಬರು ಹಿರಿಯರು ಮನೆಗೆ ಬಂದರು. 'ನಿಮ್ಮ ಹೆಸರು ಎಲ್ಲರಿಗೂ ಗೊತ್ತು. ಪ್ರಚಾರದ ಖರ್ಚೇ ಇಲ್ಲ' ಎಂದರು. ಆಲೋಚಿಸಿ ಹೇಳುತ್ತೇನೆ ಎಂದೆ. ಆ ದಿನಗಳಲ್ಲೇ ಕಬರಸ್ಥಾನದ ಜಾಗ ಒತ್ತುವರಿಯಾಗಿದೆಯೆಂದು ಓರ್ವ ವೃದ್ಧರು ಸರ್ವೇ ನಕ್ಷೆ ಸಮೇತ ಪತ್ರ ತಂದುಕೊಟ್ಟಿದ್ದರು. ಒತ್ತುವರಿ ಮಾಡಿದವರು ಆ ಪಕ್ಷಕ್ಕೆ ಬೇಕಾದವರು. ಪತ್ರ ಹನ್ನೊಂದು ದಿನ ನನ್ನ ಡ್ರಾಯರ್‌ನಲ್ಲಿತ್ತು. ಯಾರೂ ನನ್ನನ್ನು ತಡೆದಿರಲಿಲ್ಲ. ಯಾರೂ ಹಣ ಕೊಟ್ಟಿರಲಿಲ್ಲ. 'ಇನ್ನೂ ಸ್ವಲ್ಪ ಪರಿಶೀಲಿಸೋಣ' ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಹನ್ನೆರಡನೆಯ ದಿನ ಆ ವೃದ್ಧರು ಕಚೇರಿಯ ಮೆಟ್ಟಿಲು ಹತ್ತಿ ಬಂದು, 'ಮೌಲವಿ, ಪತ್ರ ಕಳೆದುಹೋಯಿತೇ?' ಎಂದು ಕೇಳಿದರು. ಅಂದು ರಾತ್ರಿ ಆ ಹಿರಿಯರಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ವರದಿ ಪ್ರಕಟವಾಯಿತು. ಆದರೆ ಆ ಹನ್ನೊಂದು ದಿನ ನಾನು ಪತ್ರಕರ್ತನಾಗಿರಲಿಲ್ಲ, ಓದುಗರಿಗೆ ಅದು ಗೊತ್ತೂ ಇರಲಿಲ್ಲ.

ಆದ್ದರಿಂದಲೇ, ರಾಜೀನಾಮೆ ಪತ್ರ ಕೊಟ್ಟ ದಿನಾಂಕವನ್ನು ತೋರಿಸಿ 'ನಾನು ಮಾಧ್ಯಮ ಬಿಟ್ಟೇ ರಾಜಕೀಯಕ್ಕೆ ಬಂದೆ' ಎನ್ನುವವರ ಮಾತು ನನಗೆ ಸಾಲದು. ಸ್ಪರ್ಧಿಸುವ ಹಕ್ಕು ಎಲ್ಲ ನಾಗರಿಕರಿಗೂ ಇದೆ, ಪತ್ರಕರ್ತರಿಗೂ ಇದೆ. ಅದನ್ನು ಕಾನೂನಿನಿಂದ ಕಿತ್ತುಕೊಳ್ಳಬೇಕೆಂಬುದು ನನ್ನ ವಾದವಲ್ಲ. ಆದರೆ ಪಕ್ಷದೊಂದಿಗೆ ಮಾತುಕತೆ ಶುರುವಾದ ದಿನವೇ ಆತ ರಾಜಕೀಯ ಸುದ್ದಿಯಿಂದ ಹೊರಗಿರಬೇಕು. ಕನಿಷ್ಠ ಒಂದು ವರ್ಷದ ಅಂತರವಿರಬೇಕು. ಸೋತು ಮರಳುವುದಾದರೆ ಕ್ರೀಡೆಯನ್ನೋ ಕೃಷಿಯನ್ನೋ ಬರೆಯಲಿ. ಚುನಾವಣೆಯ ಚರ್ಚೆ ನಡೆಸಲು ಕುಳಿತುಕೊಳ್ಳದಿರಲಿ. ಇದನ್ನು ಮಾಧ್ಯಮ ಸಂಸ್ಥೆಗಳೇ ತಮ್ಮ ನೇಮಕ ಪತ್ರದಲ್ಲಿ ಬರೆದುಕೊಳ್ಳಬಹುದು. ಬರೆದುಕೊಳ್ಳುತ್ತಿಲ್ಲ, ಏಕೆಂದರೆ ಅನೇಕ ಸಂಸ್ಥೆಗಳ ಮಾಲೀಕರಿಗೂ ಅದೇ ಬಾಗಿಲು ಬೇಕಾಗಿದೆ.

ಮುಂದಿನ ಚುನಾವಣೆಯಲ್ಲಿ ಪರದೆಯ ಪರಿಚಿತ ಮುಖವೊಂದು ನಿಮ್ಮ ಮನೆಯ ಅಂಗಳಕ್ಕೆ ಬಂದರೆ ಚಾ ಕೊಡಿ, ಮರ್ಯಾದೆಯಿಂದ ಕುಳ್ಳಿರಿಸಿ. ಬಳಿಕ ಎರಡು ದಿನಾಂಕಗಳನ್ನು ಕೇಳಿ. ಪಕ್ಷದವರು ಮೊದಲು ನಿಮ್ಮಲ್ಲಿಗೆ ಬಂದದ್ದು ಎಂದು? ನೀವು ಕೊನೆಯ ಬಾರಿ ಸುದ್ದಿ ಓದಿದ್ದು ಎಂದು?