ನದಿಯ ಲೆಕ್ಕದಲ್ಲಿ ಮೀನಿಗೂ ಸ್ಥಾನವಿರಲಿ

ಕೃಷ್ಣಾ ನೀರಿನ ಹಂಚಿಕೆಯ ಮಾತು ಬಂದಾಗಲೆಲ್ಲ ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಇಕ್ಕಟ್ಟಿಗೆ ಸಿಲುಕುತ್ತೇವೆ. 1969ರ ಬಚಾವತ್ ನ್ಯಾಯಮಂಡಳಿಯಿಂದ 2004ರ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯವರೆಗೆ ನಮ್ಮ ಚರ್ಚೆಗಳೆಲ್ಲ ಟಿಎಂಸಿಗಳ ಸುತ್ತಲೇ ತಿರುಗಿವೆ. ಆ ನೀರಿನಲ್ಲಿ ಬಾಳುವ ಜೀವಿಗಳ ಪ್ರಸ್ತಾಪ ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ.

ನಾನು ವಾಸಿಸುವ ತಳೇಗಾಂವ ದಾಭಾಡೆಯ ಪಕ್ಕದಲ್ಲಿ ಇಂದ್ರಾಯಣಿ ಹರಿಯುತ್ತದೆ. ಲೋಣಾವಳದ ಬಳಿ ಹುಟ್ಟಿ, ದೇಹು, ಆಳಂದಿಗಳನ್ನು ಹಾದು, ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಆ ಭೀಮೆಯೇ ಗಾಣಗಾಪುರವನ್ನು ಮುಟ್ಟಿ, ರಾಯಚೂರಿನ ಬಳಿ ಕೃಷ್ಣೆಯೊಡನೆ ಕೂಡುತ್ತಾಳೆ. ಆದ್ದರಿಂದ ಇಲ್ಲಿನ ಹೊಳೆಯ ಕ್ಷೇಮ ಕಲಬುರಗಿಯ ರೈತನಿಗೂ ಸಂಬಂಧಿಸಿದ್ದು.

2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಂದ್ರಾಯಣಿಯಲ್ಲಿ ಐವತ್ತಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ದಾಖಲಿಸಿದೆ. ಅವುಗಳಲ್ಲಿ ಕೆಲವು ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಮುಂಗಾರಿನಲ್ಲಿ ಅನೇಕ ಮೀನುಗಳು ನದಿಯಿಂದ ಉಪಹೊಳೆಗಳಿಗೂ ನೆರೆ ತುಂಬಿದ ಗದ್ದೆಗಳಿಗೂ ಏರಿ ಮೊಟ್ಟೆಯಿಡುತ್ತವೆ. ನಮ್ಮ ಮಲೆನಾಡಿಗರು ಇವನ್ನೇ ಹತ್ತುಮೀನು ಎನ್ನುವರು. ಹಳ್ಳ ಮುಚ್ಚಿ ನಿವೇಶನ ಮಾಡಿದರೆ, ತಗ್ಗಿನ ಕೆರೆಗೆ ಮಣ್ಣು ತುಂಬಿದರೆ, ನದಿಯಲ್ಲಿ ನೀರಿದ್ದರೂ ಸಂತಾನಕ್ಕೆ ಎಡೆಯಿಲ್ಲದಂತಾಗುತ್ತದೆ. ಕಾರ್ಖಾನೆ ಹಾಗೂ ಊರುಗಳ ಕೊಳಚೆಯಿಂದ ಆಳಂದಿಯಲ್ಲಿ ನೊರೆಯೇಳುವುದನ್ನು ವಾರಕರಿಗಳು ಕಣ್ಣಾರೆ ಕಾಣುತ್ತಿದ್ದಾರೆ.

ಭಕ್ತಿಯೊಂದೇ ಮೀನನ್ನು ಕಾಯಲಾರದು. ತುಕಾರಾಮರ ದೇಹುವಿನಲ್ಲಿ ಮೀನುಗಳು ಪೂಜ್ಯ. ನಮ್ಮ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲೂ ಕಪಿಲೆಯ ಮೀನುಗಳು ದೇವರ ಮೀನುಗಳೇ. ಆದರೂ 1996ರಲ್ಲಿ ಅಲ್ಲಿ ವಿಷಪ್ರಾಶನದಿಂದ ಅಪಾರ ಸಂಖ್ಯೆಯ ಮೀನುಗಳು ಸತ್ತವು.

ಸದುದ್ದೇಶವೂ ಸಾಲದು. ಲೋಣಾವಳದ ವಳವಣದಲ್ಲಿ ಟಾಟಾ ಸಂಸ್ಥೆ ದಶಕಗಳಿಂದ ದಖ್ಖನಿನ ಮಹಶೀರ್ ಮರಿಗಳನ್ನು ಬೆಳೆಸುತ್ತಿದೆ. ಈ ಜಾತಿಯನ್ನು ಪುಣೆಯ ಸೀಮೆಯ ನದಿಯಿಂದಲೇ ಕರ್ನಲ್ ಸೈಕ್ಸ್ 1839ರಲ್ಲಿ ಜಗತ್ತಿಗೆ ಪರಿಚಯಿಸಿದ್ದ. ಇದರ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಅಲ್ಲಿ ಅವು ಹೆಚ್ಚುತ್ತ ಹೋದಂತೆ ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನು ಮಹಶೀರ್ ಕ್ಷೀಣಿಸಿತು. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಇಂದ್ರಾಯಣಿಯ ಮೀನು ಇಂದ್ರಾಯಣಿಗೇ ಭೂಷಣ. ಕಾವೇರಿಯಲ್ಲಿ ಅದು ಪರಕೀಯ.

ಮೀನಿಗಿರುವ ಈ ನಿಯಮ ಮನುಷ್ಯನಿಗೆ ಅನ್ವಯಿಸದು. ಉದ್ಯೋಗವನ್ನರಸಿ ಬಂದ ನಾವು ಇಲ್ಲಿನ ಅನ್ನವನ್ನುಂಡು, ಇಲ್ಲಿನ ನೀರನ್ನು ಕುಡಿದು ಇಲ್ಲಿಯವರೂ ಆಗಿದ್ದೇವೆ. ನಮ್ಮ ಸಂಘಗಳು ರಾಜ್ಯೋತ್ಸವದಲ್ಲಿ ಕಾವೇರಿಯನ್ನು ಸ್ತುತಿಸಿದರೆ ಸಾಲದು. ಕಾರ್ಖಾನೆಯ ಕಲ್ಮಷದ ವಿರುದ್ಧ, ಹಳ್ಳಗಳ ಒತ್ತುವರಿಯ ವಿರುದ್ಧ ಮರಾಠಿ ಬಂಧುಗಳೊಡನೆ ದನಿಗೂಡಿಸಬೇಕು. ಪುಣ್ಯದ ಹೆಸರಿನಲ್ಲಿ ಕೊಂಡುತಂದ ಮೀನನ್ನು ಹೊಳೆಗೆ ಬಿಡುವ ಚಪಲವನ್ನೂ ತೊರೆಯಬೇಕು. ನೀರಿಗಾಗಿ ಜಗಳವಾಡುವ ಎರಡು ನಾಡುಗಳ ನಡುವೆ ಇಂಥ ಕೆಲಸವನ್ನು ಹೊರನಾಡ ಕನ್ನಡಿಗರು ಕೈಗೊಳ್ಳುವುದು ಉಚಿತವೆಂದೇ ನನ್ನ ನಂಬಿಕೆ.