ಸ್ಟಾಫ್ ರೂಮಿಗೂ ಒಂದು ಪೀರಿಯಡ್ ಇರಲಿ

ಭರತ ಹುಣ್ಣಿಮೆ ಜಾತ್ರೆಯಲ್ಲಿ ನಮ್ಮ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಸೇರಿದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಬರುವುದು ಒಂದೇ ಸಾಲಿನ ಕಾರಣಿಕ. ಅದನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿಕೊಂಡು ಜನ ವರ್ಷವಿಡೀ ಮಾತಾಡುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶವೂ ಹಾಗೇ ಆಗಿಬಿಟ್ಟಿದೆ. ಶೇಕಡಾವಾರು ಒಂದು ಸಂಖ್ಯೆ ಬರುತ್ತದೆ, ಉಳಿದದ್ದೆಲ್ಲ ನಮ್ಮ ವ್ಯಾಖ್ಯಾನ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆಗ ಊರ ಕಟ್ಟೆಯಲ್ಲಿ ಕೇಳಿಬಂದ ತೀರ್ಪು ಒಂದೇ: ‘ಗಣಿತದ ಮೇಷ್ಟ್ರು ಸರಿ ಇಲ್ಲ.’

ನಾನು ಬಿ.ಇಡಿ ಮುಗಿಸಿ ಟಿಇಟಿಗೆ ಓದುತ್ತಿರುವವಳು. ಒಬ್ಬ ಮೇಷ್ಟ್ರನ್ನು ಹಿಡಿದು ಪ್ರಶ್ನಿಸುವ ಈ ಅಭ್ಯಾಸವೇ ತಪ್ಪು ಎಂದು ನನಗನ್ನಿಸಿದ್ದು ಇಂಟರ್ನ್‌ಶಿಪ್‌ಗೆ ಹೋದಾಗ. ಹಡಗಲಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಅದು. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಮಾಡುತ್ತಿದ್ದೆ. 12 ವೋಲ್ಟ್, 3 ಆಂಪಿಯರ್, ರೋಧ ಎಷ್ಟು ಎಂದರೆ ಅರ್ಧ ತರಗತಿ ಸುಮ್ಮನೆ ಕೂತಿತು. ಹಿಂದಿನ ಪೀರಿಯಡ್‌ನಲ್ಲಿ ಇದೇ ಮಕ್ಕಳು ‘3 ಎಕ್ಸ್ = 12’ ಎಂಬುದನ್ನು ಬೋರ್ಡಿನ ಮೇಲೆ ಬಿಡಿಸಿದ್ದನ್ನು ನಾನೇ ನೋಡಿದ್ದೆ. ಎರಡೂ ಒಂದೇ ಲೆಕ್ಕ ಅಲ್ಲವೇ ಎಂದೆ. ಒಬ್ಬ ಹುಡುಗ ಹೇಳಿದ, ‘ಅದು ಗಣಿತ ಅಲ್ರಿ ಟೀಚರ್, ಇದು ವಿಜ್ಞಾನ!’

ಅವನನ್ನು ಬೈಯುವುದು ಹೇಗೆ? ಎರಡನ್ನೂ ಬೇರೆ ಬೇರೆ ಲೋಕ ಮಾಡಿಟ್ಟವರು ನಾವು. ಗಣಿತದ ಸರ್ ಮತ್ತು ವಿಜ್ಞಾನದ ಮೇಡಂ ಒಂದೇ ಟೇಬಲ್ಲಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಮಗಳ ಮದುವೆ, ತುಂಗಭದ್ರೆಯ ನೀರು, ವರ್ಗಾವಣೆಯ ಕೌನ್ಸೆಲಿಂಗ್ ಎಲ್ಲ ಮಾತಾಡುತ್ತಾರೆ. ಪಾಠ ಮಾತ್ರ ಮಾತಾಡುವುದಿಲ್ಲ.

ಆ ಶಾಲೆಯ ವಿಜ್ಞಾನದ ಮೇಡಂ ದೊಡ್ಡ ಮನಸ್ಸಿನವರು. ನನ್ನ ಗೊಂದಲ ಕೇಳಿ, ಶನಿವಾರ ಬೆಲ್ ಹೊಡೆದ ಮೇಲೆ ಗಣಿತದ ಸರ್ ಅವರನ್ನೂ ಕನ್ನಡದ ಸರ್ ಅವರನ್ನೂ ಕೂರಿಸಿಕೊಂಡರು. ಕನ್ನಡದವರು ಯಾಕೆ ಎಂದು ನನಗೆ ಅಚ್ಚರಿ. ಮಕ್ಕಳ ಉತ್ತರ ಪತ್ರಿಕೆ ಹರಡಿದಾಗ ಗೊತ್ತಾಯಿತು. ‘ಎರಡು ರೋಧಕಗಳ ರೋಧ ಕ್ರಮವಾಗಿ 4 ಓಮ್ ಮತ್ತು 6 ಓಮ್ ಇದ್ದು, ಅವುಗಳನ್ನು ಸಮಾಂತರವಾಗಿ ಜೋಡಿಸಿದೆ’ ಎಂಬ ಲೆಕ್ಕಕ್ಕೆ ಬಹಳ ಮಕ್ಕಳು 10 ಎಂದು ಬರೆದಿದ್ದರು. ಬರಬೇಕಾದದ್ದು 2.4. ಸೂತ್ರ ಮರೆತಿದ್ದಾರೆ ಎಂದುಕೊಂಡಿದ್ದೆವು. ಕನ್ನಡದ ಸರ್ ಪ್ರಶ್ನೆಯನ್ನೇ ಎರಡು ಸಲ ಓದಿದರು. ಸರಣಿ ಕ್ರಮ ಎಂದು ನಾವೇ ಕಲಿಸಿದ್ದೇವೆ. ಪ್ರಶ್ನೆಯಲ್ಲಿ ‘ಕ್ರಮವಾಗಿ’ ಎಂಬ ಮಾತು ಕಂಡ ಕೂಡಲೇ ಮಕ್ಕಳು ಸರಣಿ ಎಂದುಕೊಂಡು ಕೂಡಿಸಿಬಿಟ್ಟಿದ್ದಾರೆ ಎಂದರು. ಸೋಮವಾರ ಮಕ್ಕಳನ್ನೇ ಕೇಳಿದೆವು. ನಿಜವಾಗಿತ್ತು. ಮುಂದಿನ ವಾರ ‘ಕ್ರಮವಾಗಿ’ ಎಂಬ ಒಂದು ಪದವನ್ನು ಮೂವರೂ ತಮ್ಮ ತಮ್ಮ ತರಗತಿಯಲ್ಲಿ ಬಳಸಿ ತೋರಿಸಿದರು. ಗಣಿತದ ಸರ್ ಎಕ್ಸ್ ಬದಲು ಆರ್ ಇಟ್ಟು ಸಮೀಕರಣ ಬಿಡಿಸಿದರು.

ಫಲಿತಾಂಶ ಎಷ್ಟು ಏರಿತು ಎಂದು ಕೇಳಬೇಡಿ, ನಾನಿದ್ದದ್ದು ಕೆಲವೇ ವಾರ. ಆದರೆ ಅದೇ ಮಾದರಿಯ ಲೆಕ್ಕ ಮತ್ತೆ ಕೊಟ್ಟಾಗ ಹಿಂದಿನ ಬೆಂಚಿನಿಂದಲೂ ಕೈ ಮೇಲೆದ್ದವು.

ಇದು ಹೊಸದೇನಲ್ಲ. ಜಪಾನಿನಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಹಿಂದೆ ಕೂತು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚಿಸುವ ಪದ್ಧತಿ ಬಹಳ ಹಳೆಯದು. ಅಷ್ಟು ದೂರವೇಕೆ, ನಮ್ಮದೇ ನಲಿ–ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿವ್ಯಾಲಿಯ ಕೆಲಸ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ಕೂಡಿ ಕೂತು ಕಲಿಕಾ ಕಾರ್ಡುಗಳನ್ನು ರೂಪಿಸಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನನ್ನ ತಕರಾರು ಇಷ್ಟೇ: ಊರೂರಿಗೆ ಹಂಚಿದ್ದು ಕಾರ್ಡುಗಳನ್ನು, ಆ ಕೂಡಿ ಕೂರುವುದನ್ನಲ್ಲ. ಪ್ರೌಢಶಾಲೆಗಂತೂ ಎರಡೂ ಬರಲಿಲ್ಲ. ಅಕ್ಕಪಕ್ಕದ ಶಾಲೆಗಳು ಒಂದು ಗುಂಪಾಗಿ ಶಿಕ್ಷಕರು ಪರಸ್ಪರ ಕಲಿಯಲಿ ಎಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿ, ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಎಂದಿತು. ಆ ಗಂಟೆಗಳು ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಭಾಷಣ ಕೇಳುವುದರಲ್ಲೇ ಮುಗಿದರೆ ಏನು ಬಂತು?

ಶಿಕ್ಷಕರಿಗೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ದಾಖಲಾತಿ, ನಡುವೆ ಚುನಾವಣೆ. ಹುದ್ದೆ ಖಾಲಿ ಇರುವೆಡೆ ಅತಿಥಿ ಶಿಕ್ಷಕರು. ‘ಅತಿಥಿ’ ಎಂಬ ಪದವೇ ವಿಚಿತ್ರ. ಮನೆಯ ಮಾತುಕತೆಗೆ ಅತಿಥಿಯನ್ನು ಯಾರು ಕರೆಯುತ್ತಾರೆ? ಅವರು ಪಾಠ ಮುಗಿಸಿ ಬಸ್ಸು ಹಿಡಿಯುತ್ತಾರೆ. ಕೂಡಿ ಕಲಿಸುವುದು ನಡೆಯಬೇಕೆಂದರೆ ಮೊದಲು ಅವರಿಗೂ ಆ ಟೇಬಲ್ಲಿನಲ್ಲಿ ಒಂದು ಕುರ್ಚಿ, ಆ ಗಂಟೆಗೆ ಸಂಬಳ ಬೇಕು. ವೇಳಾಪಟ್ಟಿಯಲ್ಲೇ ವಾರಕ್ಕೊಂದು ಪೀರಿಯಡ್ ಇದಕ್ಕೆಂದು ಬರೆದಿರಬೇಕು. ಶನಿವಾರ ಮಧ್ಯಾಹ್ನದ ಒಳ್ಳೆಯ ಮನಸ್ಸಿನ ಮೇಲೆ ಎಷ್ಟು ದಿನ ಶಾಲೆ ನಡೆಸಲಾದೀತು?

ನನ್ನ ಬೆಂಚಿನ ಗೆಳತಿ ಹತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಹೋದಳು. ಪೂರಕ ಪರೀಕ್ಷೆಗೆ ಕೂರಲಿಲ್ಲ. ಈಗ ಹಡಗಲಿಯ ಮಲ್ಲಿಗೆ ತೋಟದಲ್ಲಿ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸುತ್ತಾಳೆ. ಲೆಕ್ಕದಲ್ಲಿ ದಡ್ಡಿ ಎಂದು ಅವಳೂ ನಂಬಿದ್ದಾಳೆ, ತೂಕದ ಲೆಕ್ಕದಲ್ಲಿ ಮಾತ್ರ ಯಾರೂ ಅವಳಿಗೆ ಮೋಸ ಮಾಡಲಾರರು. ಅವಳು ಎಲ್ಲಿ ಎಡವಿದಳು ಎಂದು ಇಬ್ಬರು ಮೇಷ್ಟ್ರು ಕೂಡಿ ಹತ್ತು ನಿಮಿಷ ಮಾತಾಡಿದ್ದರೆ?

ಟಿಇಟಿಗೆ ಓದುತ್ತಿರುವ ಗೆಳೆಯರೇ, ವೈಗೋಟ್‌ಸ್ಕಿಯ ಮೇಲೆ ಬರುವ ಪ್ರಶ್ನೆಗೆ ಸರಿಯಾದ ಆಯ್ಕೆ ಯಾವುದು ಎಂದು ನಮಗೆಲ್ಲ ಬಾಯಿಪಾಠ. ಮಗು ಇನ್ನೊಬ್ಬರ ಜೊತೆಯಲ್ಲಿ ಕಲಿಯುತ್ತದೆ ಎಂದು ಟಿಕ್ ಹಾಕುತ್ತೇವೆ. ಆದರೆ ಅಭ್ಯಾಸ ಪಾಠದ ದಿನ ಇನ್ನೊಬ್ಬರು ಹಿಂದೆ ಕೂತರೆ ನಮ್ಮ ಕೈ ನಡುಗುತ್ತದೆ. ನನಗೂ ನಡುಗಿತ್ತು. ಕೊನೆಯ ದಿನ ಗಣಿತದ ಸರ್ ಕರೆದು, ‘ನಾಳೆ ಶನಿವಾರ, ನನ್ನ ಕ್ಲಾಸಿಗೆ ಬಂದು ಕೂಡ್ರಿ. ಎಲ್ಲಿ ತಪ್ಪಿದೆ ಅಂತ ಬರ್ಕೊಂಡು ಹೇಳ್ರಿ’ ಎಂದರು. ನಾನು ಹೋಗಿ ಕೂತೆ. ನೋಟ್‌ಬುಕ್ಕಿನ ಆ ಎರಡು ಪುಟ ಈಗಲೂ ನನ್ನ ಬಳಿ ಇವೆ.