ಡಬ್ಬಿ ಬಿಚ್ಚೋಕೆ ಬಿಡಿ ಸ್ವಾಮಿ!

ಹೋದ ಬೇಸಿಗೆಯ ಮಾತು. ಮುಳಬಾಗಿಲು ಕಡೆ ಇರುವ ನಮ್ಮ ಭಾವನವರ ತೋಟದಲ್ಲಿ ಒಂದು ಡಬ್ಬಿ ಕೆಟ್ಟಿತು. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪಕ್ಕದಲ್ಲಿ ಇರುತ್ತದಲ್ಲ, ಮನೆಯಲ್ಲಿ ಕೂತು ಫೋನ್ ಮಾಡಿದರೆ ಮೋಟಾರ್ ಓಡಿಸುವ, ಮತ್ತೆ ಫೋನ್ ಮಾಡಿದರೆ ನಿಲ್ಲಿಸುವ ಡಬ್ಬಿ, ಅದೇ. ರೈತರ ಭಾಷೆಯಲ್ಲಿ ಮೊಬೈಲ್ ಸ್ಟಾರ್ಟರ್. ಟೊಮೇಟೊ ಹೂವು ಕಟ್ಟುವ ಕಾಲ. ಕಂಪನಿಗೆ ಫೋನ್ ಮಾಡಿದರೆ, ಡಬ್ಬಿ ಕಳಿಸಿಕೊಡಿ, ನೋಡಿ ಹೇಳುತ್ತೇವೆ, ದಿನ ಹಿಡಿಯುತ್ತದೆ ಎಂಬ ಉತ್ತರ ಬಂತು.

ಭಾವ ಏನು ಮಾಡಬೇಕು? ರೈತರಿಗೆ ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದರಲ್ಲೂ ಪಾಳಿ ಬಂದರೆ ರಾತ್ರಿ. ಮಂಚ ತೋಟಕ್ಕೆ ಸಾಗಿಸಿದರು. ಟಾರ್ಚು ಹಿಡಿದು, ಹಾವು ಹುಳ ನೋಡಿಕೊಂಡು ಹೋಗಿ, ಕೈಯಲ್ಲೇ ಸ್ಟಾರ್ಟರ್ ಒತ್ತಿದರು. ಮೂರು ರಾತ್ರಿ ಹೀಗೇ ನಡೆಯಿತು. ನಾಲ್ಕನೇ ರಾತ್ರಿ ಕಣ್ಣು ಹತ್ತಿತು. ಬೋರಿನಲ್ಲಿ ನೀರು ಇಳಿಯಿತು, ಮೋಟಾರ್ ಬರಿದೇ ಓಡಿತು, ಬೆಳಗ್ಗೆ ನೋಡಿದರೆ ಕಾಯಿಲ್ ಸುಟ್ಟು ಹೋಗಿತ್ತು. ಸಾವಿರದ ಇನ್ನೂರು ಅಡಿಯಿಂದ ಪೈಪು ಎತ್ತಿಸಿ, ಮೋಟಾರ್ ತೆಗೆಸಿ, ವೈಂಡಿಂಗ್ ಕಟ್ಟಿಸಿ, ಮತ್ತೆ ಇಳಿಸುವ ಹೊತ್ತಿಗೆ ಅವರ ಕಿಸೆ ಏನಾಯಿತು ಎಂಬುದನ್ನು ಈ ಜಿಲ್ಲೆಯ ಓದುಗರಿಗೆ ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಇದಕ್ಕೆ ಮುಂಚೆ ಡಬ್ಬಿಯನ್ನು ನಮ್ಮ ಪೇಟೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದಿದ್ದೆವು. ಮೋಟಾರು, ಸ್ಟಾರ್ಟರು, ಟಿವಿ ಎಲ್ಲಾ ಬಲ್ಲ ಕೈ. ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ನೋಡಿದರೆ ಬೋರ್ಡಿನ ಮೇಲೆ ಡಾಂಬರು ಹುಯ್ದ ಹಾಗೆ ಕರೀ ಮೇಣ ಗಟ್ಟಿಯಾಗಿ ಕೂತಿದೆ! ಅಷ್ಟಿಷ್ಟು ಕೆರೆದು ನೋಡಿದರೆ ಚಿಪ್ಪಿನ ಮೇಲಿನ ನಂಬರನ್ನೂ ಯಾರೋ ಉಜ್ಜಿ ಅಳಿಸಿದ್ದಾರೆ. ಆ ಮನುಷ್ಯ ಹಾಗೇ ಮುಚ್ಚಿ ವಾಪಸ್ ಕೊಟ್ಟರು. ಬಿಚ್ಚಿದ ಕೂಲಿ ಕೂಡಾ ತಗೊಳ್ಳಲಿಲ್ಲ.

ಧೂಳು, ತೇವ ಒಳಗೆ ಹೋಗಬಾರದು ಅಂತ ಮೇಣ ಹುಯ್ಯುತ್ತೇವೆ ಎನ್ನುತ್ತಾರೆ ಕಂಪನಿಯವರು. ಒಪ್ಪೋಣ. ಆದರೆ ನಂಬರು ಅಳಿಸಿದ್ದು ಯಾವ ಧೂಳಿಗೆ ಸ್ವಾಮಿ?

ಆ ಡಬ್ಬಿಯ ಒಳಗೆ ಇರುವ ಮಹಾ ರಹಸ್ಯವಾದರೂ ಏನು? ಒಂದು ಸಿಮ್ ಹಾಕುವ ಜಾಗ. ಫೋನು ಬಂದದ್ದು ತಿಳಿಯುವ ಒಂದು ಸಣ್ಣ ಬೋರ್ಡು. ಬೆರಳುಗುರಿನಷ್ಟು ಅಗಲದ ಒಂದು ಕಂಪ್ಯೂಟರ್ ಚಿಪ್ಪು. ಮೋಟಾರಿಗೆ ಹೋಗುವ ಕರೆಂಟು ಎಷ್ಟು ಎಂದು ಅಳೆಯುವ ಕಾಯಿಲ್. ಕಟಕ್ ಎಂದು ಬಡಿಯುವ ಒಂದೆರಡು ರಿಲೇ. ಪಂಪಿನಲ್ಲಿ ನೀರಿದ್ದರೆ ಮೋಟಾರಿಗೆ ಭಾರ, ಹೆಚ್ಚು ಕರೆಂಟು ಎಳೆಯುತ್ತದೆ. ನೀರು ಇಳಿದರೆ ಭಾರ ಕಡಿಮೆ, ಕರೆಂಟೂ ಕಡಿಮೆ. ಕಡಿಮೆಯಾದದ್ದನ್ನು ಕಂಡ ಕೂಡಲೇ ಚಿಪ್ಪು ರಿಲೇ ಬಿಡಿಸುತ್ತದೆ, ಮೋಟಾರ್ ನಿಲ್ಲುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೂ ಹಾಗೇ. ರೋಬೋ ಎಂದರೆ ನಮ್ಮ ಜನಕ್ಕೆ ರಜನೀಕಾಂತ್ ಸಿನಿಮಾ ಜ್ಞಾಪಕಕ್ಕೆ ಬರುತ್ತದೆ. ವಾಸ್ತವದಲ್ಲಿ ನೋಡುವುದು, ಲೆಕ್ಕ ಹಾಕುವುದು, ಕೆಲಸ ಮಾಡುವುದು ಈ ಮೂರು ಸೇರಿದರೆ ಅದೇ ರೋಬೋ. ನಮ್ಮ ಹೊಲಗಳ ಮೂಲೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕೂತಿರುವುದು ಕೈಕಾಲಿಲ್ಲದ ರೋಬೋ. ಫೋನಿನಿಂದ ಪಂಪು ಓಡಿಸುವ ಈ ಪ್ರಯತ್ನ ಇವತ್ತಿನದೂ ಅಲ್ಲ. ಪುಣೆಯ ಸಂತೋಷ್ ಓಸ್ತ್ವಾಲ್ ಎಂಬ ಇಂಜಿನಿಯರು 1996ರ ಸುಮಾರಿಗೇ ಇದಕ್ಕೆ ಕೈ ಹಾಕಿದವರು. ಅವರ ನ್ಯಾನೋ ಗಣೇಶ್ ಎಂಬ ಯಂತ್ರ ದೇಶದಲ್ಲೆಲ್ಲ ಹೆಸರಾಯಿತು.

ನಮ್ಮ ಅಪ್ಪಂದಿರ ಕಾಲದ ವಾಲ್ವ್ ರೇಡಿಯೋ ನೋಡಿದ್ದೀರಾ? ಎಷ್ಟೋ ಮಾದರಿಗಳಲ್ಲಿ ಹಿಂದಿನ ಹಲಗೆ ತೆಗೆದರೆ ಒಳಗಡೆ ಸರ್ಕ್ಯೂಟಿನ ನಕ್ಷೆ ಅಂಟಿಸಿರುತ್ತಿದ್ದರು. ಯಾವ ವಾಲ್ವು, ಯಾವ ಕಂಡೆನ್ಸರು, ಎಲ್ಲಿಂದ ಎಲ್ಲಿಗೆ ತಂತಿ, ಎಲ್ಲಾ ಬರೆದೇ ಇರುತ್ತಿತ್ತು. ಅದನ್ನು ನೋಡಿಯೇ ನಮ್ಮ ಊರುಗಳಲ್ಲಿ ರೇಡಿಯೋ ರಿಪೇರಿ ಅಂಗಡಿಗಳು ಹುಟ್ಟಿದ್ದು. 1969ರಿಂದ ದಿಲ್ಲಿಯಿಂದ ಬರುತ್ತಿರುವ ಎಲೆಕ್ಟ್ರಾನಿಕ್ಸ್ ಫಾರ್ ಯೂ ಮಾಸಪತ್ರಿಕೆಯ ಸರ್ಕ್ಯೂಟುಗಳನ್ನು ನೋಡಿಕೊಂಡು ಬೆಸುಗೆ ಹಾಕಲು ಕಲಿತವರಿಗೆ ಲೆಕ್ಕವಿಲ್ಲ. ಹಾಗೆ ತೆರೆದಿಟ್ಟದ್ದರಿಂದ ರೇಡಿಯೋ ಕಂಪನಿಗಳೇನೂ ಮುಳುಗಲಿಲ್ಲ.

ಈಗ ಓಪನ್ ಸೋರ್ಸ್ ಅನ್ನುತ್ತಾರಲ್ಲ, ಅದು ಇದೇ. ಯಂತ್ರದ ನಕ್ಷೆ, ಸಾಮಾನಿನ ಪಟ್ಟಿ, ಚಿಪ್ಪಿನೊಳಗೆ ಬರೆಯುವ ಪ್ರೋಗ್ರಾಮು ಎಲ್ಲಾ ಬಹಿರಂಗ. ಯಾರು ಬೇಕಾದರೂ ಓದಬಹುದು, ಮಾಡಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಮತ್ತೆ ನಾಲ್ಕು ಜನಕ್ಕೆ ಹೇಳಬೇಕು ಎಂಬುದು ಸಾಮಾನ್ಯವಾಗಿ ಇರುವ ಕರಾರು. ಮುಳಬಾಗಿಲು ದೋಸೆ ನೆನೆಸಿಕೊಳ್ಳಿ. ಬೆಂಗಳೂರಿನ ಎಷ್ಟು ಬೋರ್ಡುಗಳ ಮೇಲೆ ಆ ಹೆಸರಿಲ್ಲ! ಹಿಟ್ಟಿನ ಹದಕ್ಕೆ ಯಾರೂ ಬೀಗ ಹಾಕಲಿಲ್ಲ. ಅದರಿಂದ ಮುಳಬಾಗಿಲಿನ ಹೋಟೆಲ್ಲುಗಳ ಮುಂದೆ ಬೆಳಗ್ಗೆ ನಿಲ್ಲುವ ಗಿರಾಕಿಗಳೇನೂ ಕಡಿಮೆಯಾಗಿಲ್ಲ.

ಇಟಲಿ ದೇಶದ ಇವ್ರಿಯಾ ಎಂಬ ಪುಟ್ಟ ಊರಲ್ಲಿ 2005ರಲ್ಲಿ ಕೆಲವು ಮೇಷ್ಟ್ರುಗಳು ಸೇರಿ, ಎಲೆಕ್ಟ್ರಾನಿಕ್ಸ್ ಓದದ ಹುಡುಗರಿಗೂ ಅರ್ಥವಾಗಲಿ ಅಂತ ಒಂದು ಬೋರ್ಡು ಮಾಡಿದರು. ಹೆಸರು ಆರ್ಡುಯಿನೋ. ಅವರು ಸಂಜೆ ಹೊತ್ತು ಕೂರುತ್ತಿದ್ದ ಬಾರಿನ ಹೆಸರನ್ನೇ ಬೋರ್ಡಿಗೂ ಇಟ್ಟರಂತೆ. (ನಮ್ಮಲ್ಲಾದರೆ ಮಂತ್ರಿಗಳ ಹೆಸರು ಇಡಬೇಕಾಗುತ್ತಿತ್ತು!) ನಕ್ಷೆ ಬಹಿರಂಗ ಮಾಡಿದ್ದರಿಂದ ಜಗತ್ತೇ ಅದನ್ನು ಮಾಡತೊಡಗಿತು. ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದರ ನಕಲು ಬೋರ್ಡು ನಾಲ್ಕೈದು ನೂರು ರೂಪಾಯಿಗೆಲ್ಲ ಸಿಗುತ್ತದೆ. ಇಲ್ಲಿ ನಕಲು ಎಂದರೆ ಕಳ್ಳಮಾಲಲ್ಲ, ಹೆಸರಿನ ಮುದ್ರೆಯೊಂದನ್ನು ಬಿಟ್ಟು ಮಾಡಿಕೊಳ್ಳಿ ಅಂತ ಮಾಡಿದವರೇ ಹೇಳಿದ್ದಾರೆ.

ಈ ಬೋರ್ಡು ತರಲು ಹೋಗುವ ಹುಡುಗರು ನಿಮ್ಮ ಬಸ್ಸಿನಲ್ಲೇ ಇರುತ್ತಾರೆ. ಶ್ರೀನಿವಾಸಪುರದಿಂದ ಮೊದಲ ಬಸ್ಸು ಹಿಡಿದವರು, ಮಾಲೂರಿನಲ್ಲಿ ಪ್ಯಾಸೆಂಜರ್ ರೈಲಿಗೆ ನಿಂತವರು, ಐಟಿಐ, ಡಿಪ್ಲೊಮಾ ಓದುವವರು, ಓದು ಬಿಟ್ಟು ಮೊಬೈಲ್ ಅಂಗಡಿಯಲ್ಲಿ ಕೂತವರು. ಇನ್ನೂರು ರೂಪಾಯಿಯ ಸಾಮಾನಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಕಳಕೊಂಡು ಬರುತ್ತಾರೆ. ಮನೆಯಲ್ಲಿ ಬೈಗುಳ ಬೇರೆ. ಈ ಅಂಕಣಕಾರನೂ ಪಿಯುಸಿ ಅರ್ಧಕ್ಕೆ ಬಿಟ್ಟವನೇ, ಆದ್ದರಿಂದ ಆ ಬೈಗುಳದ ಪರಿಚಯ ಚೆನ್ನಾಗಿದೆ. ಭಾವನವರ ಡಬ್ಬಿಯ ಕಥೆ ಕೇಳಿ ಅಂಥ ಹುಡುಗನೊಬ್ಬ ನಗಾಡಿಬಿಟ್ಟ. ಬಹಿರಂಗವಾಗಿ ಸಿಗುವ ನಕ್ಷೆ ಹಿಡಿದು ಅಂಥದೇ ಡಬ್ಬಿ ಕಟ್ಟಬಹುದು, ಕಷ್ಟವಿಲ್ಲ, ಆದರೆ ಪರೀಕ್ಷೆ ಮಾಡಲು ಜಾಗವಿಲ್ಲ ಎಂಬುದು ಅವನ ಅಳಲು. ಅವನ ಮಾತು ನ್ಯಾಯ. ಚಿಪ್ಪಿನ ಕಡೆ ಐದು ವೋಲ್ಟು, ಅದು ಆಟ. ರಿಲೇ ಆಚೆ ನಾನೂರು ವೋಲ್ಟಿಗೂ ಮೇಲೆ, ಅದು ಆಟವಲ್ಲ. ಬಲ್ಲವರು ಪಕ್ಕದಲ್ಲಿರಬೇಕು, ಮೀಟರು ಇರಬೇಕು, ಫ್ಯೂಸು ಇರಬೇಕು. ಅಡಿಗೆಮನೆಯಲ್ಲಿ ಮಾಡುವ ಕೆಲಸವಲ್ಲ.

ಬೆಂಗಳೂರಿನ ಹವ್ಯಾಸಿಗಳಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಹಲಸೂರು ಮೆಟ್ರೋ ನಿಲ್ದಾಣದ ಕಟ್ಟಡದಲ್ಲೇ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬುವರು ಬೆಂಚು, ಉಪಕರಣ, ತ್ರೀಡಿ ಪ್ರಿಂಟರ್ ಹಾಕಿಕೊಂಡು ಬಂದವರಿಗೆ ಜಾಗ ಮಾಡಿಕೊಟ್ಟಿದ್ದರು. ಮುಂಬಯಿಯ ಮೇಕರ್ಸ್ ಅಸೈಲಂ ಎಂಬ ಇಂಥದೇ ತಾಣ 2020ರ ಕೊರೋನಾ ಕಾಲದಲ್ಲಿ ಮುಖಕ್ಕೆ ಹಾಕುವ ಪಾರದರ್ಶಕ ಕವಚದ ನಕ್ಷೆಯನ್ನು ಬಹಿರಂಗ ಮಾಡಿತು. ಊರೂರಿನ ಹವ್ಯಾಸಿಗಳು ತಮ್ಮ ತಮ್ಮ ಜಾಗದಲ್ಲೇ ಅದನ್ನು ತಯಾರಿಸಿದರು. 49 ದಿನದಲ್ಲಿ ಹತ್ತು ಲಕ್ಷ ಕವಚ ಆಸ್ಪತ್ರೆ, ಪೊಲೀಸು ಎಂದು ಹಂಚಿಕೆಯಾದವು. ಟೆಂಡರು ಕರೆದಿದ್ದರೆ 49 ದಿನದಲ್ಲಿ ಕಡತ ಎಷ್ಟು ಮೇಜು ದಾಟುತ್ತಿತ್ತೋ!

ನಕ್ಷೆ ತೆರೆದಿಟ್ಟ ಮಾತ್ರಕ್ಕೆ ಎಲ್ಲಾ ಗೆಲ್ಲುತ್ತದೆ ಎಂದು ನಾವೇನೂ ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರುಗಳೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರ್ ತೋರಿಸಿದರು. ಬಡವರು, ಓದು ಬಾರದವರು ಬಳಸಲಿ, ಕನ್ನಡದಲ್ಲೂ ಮಾತಾಡಲಿ ಎಂಬ ಆಸೆ. ಅದರ ನಕ್ಷೆಯನ್ನೂ ಲೈಸೆನ್ಸಿನ ಕರಾರಿನ ಮೇಲೆ ಹೊರಗೆ ಬಿಟ್ಟರು. 2004ರಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದದ್ದೂ ಉಂಟು. ಆದರೆ ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಮೊಬೈಲು ಬಂತು, ಸಿಂಪ್ಯೂಟರ್ ಮೂಲೆ ಸೇರಿತು. ನಮ್ಮ ಅಭಿಪ್ರಾಯದಲ್ಲಿ ಅದು ಊರಿನ ರಿಪೇರಿ ಅಂಗಡಿಯ ಬೆಂಚಿನವರೆಗೆ ಬರಲೇ ಇಲ್ಲ. ನಕ್ಷೆಯಿತ್ತು, ಅದನ್ನು ಓದುವ ಕೈಗಳನ್ನು ಯಾರೂ ತಯಾರು ಮಾಡಲಿಲ್ಲ.

ಕೈಗಳಿಗೆ ನಮ್ಮ ಜಿಲ್ಲೆಯಲ್ಲಿ ಎಂದಾದರೂ ಬರ ಇತ್ತೇ? ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂದದ್ದು ಕೆಜಿಎಫ್‌ಗೆ. ಅದೇ ಗಣಿಯ ಆಳದಲ್ಲಿ 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನು, ಇಂಗ್ಲೆಂಡಿನವರ ಜತೆ ಸೇರಿ ಉಪಕರಣ ಇಳಿಸಿ, ವಾತಾವರಣದಿಂದ ಬರುವ ನ್ಯೂಟ್ರಿನೋ ಎಂಬ ಕಣದ ಗುರುತು ಹಿಡಿದರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ನರಸಾಪುರ. ಜಗತ್ತಿನ ದುಬಾರಿ ಐಫೋನನ್ನು 2020ರಿಂದ ಅಲ್ಲಿ ಜೋಡಿಸುತ್ತಿದ್ದಾರೆ. ಮೊದಲು ವಿಸ್ಟ್ರಾನ್ ಆಗಿದ್ದ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಹೋಯಿತು. ಸಂತೋಷ. ಆದರೆ ಪಟ್ಟಿಯ ಮೇಲೆ ಬಂದ ಫೋನಿಗೆ ಇಡೀ ದಿನ ಒಂದೇ ಸ್ಕ್ರೂ ತಿರುಗಿಸುವುದೇ ಬೇರೆ, ಕೆಟ್ಟದ್ದನ್ನು ಬಿಚ್ಚಿ ಯಾಕೆ ಕೆಟ್ಟಿತು ಎಂದು ತಿಳಿಯುವುದೇ ಬೇರೆ. ಮೊದಲನೆಯದನ್ನು ಕಂಪನಿ ಕಲಿಸುತ್ತದೆ. ಎರಡನೆಯದನ್ನು ಎಲ್ಲಿ ಕಲಿಯಬೇಕು?

ಇಲ್ಲಿಗೆ ಅಸಲು ವಿಷಯ ಬಂತು. ಕೇಂದ್ರ ಸರ್ಕಾರದ ನೀತಿ ಆಯೋಗ 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬುದನ್ನು ಕೊಡುತ್ತಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ, ಹತ್ತು ಲಕ್ಷ ಸಾಮಾನಿಗೆ, ಹತ್ತು ಲಕ್ಷ ಐದು ವರ್ಷದ ನಿರ್ವಹಣೆಗೆ. ತ್ರೀಡಿ ಪ್ರಿಂಟರ್, ಬೆಸುಗೆ ಕಡ್ಡಿ, ಮೀಟರು, ಸೆನ್ಸರು, ಇದೇ ಆರ್ಡುಯಿನೋ ಬೋರ್ಡು, ರೋಬೋ ಕಿಟ್ಟು ಎಲ್ಲಾ ಅದರಲ್ಲಿವೆ. ನಮ್ಮ ಜಿಲ್ಲೆಗೂ ಬಂದಿವೆ. 2025ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಿಗೆ ಇನ್ನೂ ಐವತ್ತು ಸಾವಿರ ಲ್ಯಾಬ್ ಕೊಡುತ್ತೇವೆ ಎಂದೂ ಘೋಷಿಸಿದ್ದಾರೆ. ನಾವು ಹೋಗಿ ನೋಡಿದ ಒಂದು ಶಾಲೆಯಲ್ಲಿ ಲ್ಯಾಬ್ ಉಂಟು, ಗೋಡೆಗೆ ಬಣ್ಣ ಉಂಟು, ಬಾಗಿಲಿಗೆ ಬೀಗವೂ ಉಂಟು. ಬೀಗದ ಕೈ ಇರುವ ಮೇಷ್ಟ್ರು ಚುನಾವಣೆ ಕೆಲಸಕ್ಕೆ ಹೋಗಿದ್ದರು. ಸಾಮಾನು ಕಳೆದರೆ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯ ಹೆಡ್‌ಮೇಷ್ಟ್ರಿಗೆ. ಅವರನ್ನು ದೂರುವುದೂ ತಪ್ಪು. ಭಯ ತೆಗೆಯಬೇಕಾದವರು ಮೇಲಿನವರು.

ಕೆಜಿಎಫ್ ದಾಟಿ ಆಂಧ್ರದ ಕುಪ್ಪಂ ಕಡೆ ಹೋಗಿ ನೋಡಿ. 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಶನ್ನಿನವರು 172 ಎಕರೆ ಜಾಗದಲ್ಲಿ ಹಳ್ಳಿ ಮಕ್ಕಳ ಕೈಗೆ ಉಪಕರಣ ಕೊಡುತ್ತಿದ್ದಾರೆ. ವ್ಯಾನಿನಲ್ಲಿ ಲ್ಯಾಬ್ ತುಂಬಿಕೊಂಡು ಊರೂರಿಗೂ ಬರುತ್ತಾರೆ. ಮುಟ್ಟಿದರೆ ಮುರಿಯುತ್ತದೆ ಅಂತ ಅವರೂ ಬೀಗ ಹಾಕಿದ್ದರೆ ಕಥೆ ಏನಾಗುತ್ತಿತ್ತು?

ಆದ್ದರಿಂದ ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಸಣ್ಣದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕಿನಲ್ಲಿ ತಲಾ ಒಂದು ಲ್ಯಾಬಿನ ಬಾಗಿಲನ್ನು ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಊರಿನವರಿಗೆ ತೆಗೆಸಿ. ಐಟಿಐ ಮೇಷ್ಟ್ರು ಒಬ್ಬರನ್ನು ಗೌರವಧನ ಕೊಟ್ಟು ಕೂರಿಸಿ. ನಮ್ಮ ಮೋಟಾರ್ ಮೆಕ್ಯಾನಿಕ್ಕುಗಳೂ ಬರಲಿ, ಹವ್ಯಾಸಿ ಹುಡುಗರೂ ಬರಲಿ. ಒಬ್ಬರಿಗೆ ನಾನೂರು ವೋಲ್ಟು ಗೊತ್ತು, ಇನ್ನೊಬ್ಬರಿಗೆ ಐದು ವೋಲ್ಟು ಗೊತ್ತು. ಸಾಮಾನು ಸವೆದರೆ, ಕೆಟ್ಟರೆ ಹೆಡ್‌ಮೇಷ್ಟ್ರ ತಲೆಗೆ ಕಟ್ಟುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಅಷ್ಟಕ್ಕೂ ಆಗದಿದ್ದರೆ ಪಂಚಾಯ್ತಿ ಲೈಬ್ರರಿಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಲ್ಲ, ಅಲ್ಲೇ ಒಂದು ಬೆಂಚು ಹಾಕಿಸಿ.

ಇನ್ನೊಂದು. ಸರ್ಕಾರದ ದುಡ್ಡಿನಲ್ಲಿ, ಸಬ್ಸಿಡಿಯಲ್ಲಿ ರೈತರಿಗೆ ಹಂಚುವ ಯಾವುದೇ ಎಲೆಕ್ಟ್ರಾನಿಕ್ ಡಬ್ಬಿ ಇರಲಿ, ಅದರ ಸರ್ಕ್ಯೂಟು ನಕ್ಷೆ ಮುಚ್ಚಳದ ಒಳಗೆ ಕನ್ನಡದಲ್ಲಿ ಅಂಟಿಸಿರಬೇಕು ಎಂದು ಟೆಂಡರಿನಲ್ಲೇ ಬರೆಯಿರಿ. ರಿಪೇರಿ ಮಾಡಿಸಿಕೊಳ್ಳುವುದು ಗಿರಾಕಿಯ ಹಕ್ಕು ಎಂದು ಕೇಂದ್ರದ ಗ್ರಾಹಕ ಇಲಾಖೆಯೇ 2022ರಲ್ಲಿ ಸಮಿತಿ ಮಾಡಿ ಮಾತು ಎತ್ತಿದೆ. ಮಾಡಿದವರಿಗೆ ಲಾಭ ಬೇಡವೇ ಎಂದು ಕೇಳುವವರಿದ್ದಾರೆ. ಲಾಭ ಬೇಕು. ಮಾರಿದ ದಿನದ ಲಾಭ ಅವರದ್ದು. ಕೆಟ್ಟ ದಿನದ ನಷ್ಟ ಪೂರ್ತಿ ನಮ್ಮ ಭಾವನವರದ್ದೇ ಆಗಬೇಕೇ?

ಭಾವನವರು ಈಗ ಇನ್ನೊಂದು ಡಬ್ಬಿ ತಂದಿದ್ದಾರೆ. ಅದೂ ಮೇಣ ಹುಯ್ದದ್ದೇ. ಬೇರೆ ಸಿಗಲಿಲ್ಲ.

ಭಾನುವಾರ ಲ್ಯಾಬಿನ ಬಾಗಿಲು ತೆಗೆಯಲು ಸಿದ್ಧವಿರುವ ಶಾಲೆಯವರು ನಮ್ಮ ಕಚೇರಿಗೆ ಒಂದು ಮಾತು ತಿಳಿಸಲಿ. ಊರು, ಶಾಲೆ, ಹೊತ್ತು ಎಲ್ಲಾ ಇದೇ ಅಂಕಣದಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇವೆ. ಒಂದು ತಿಂಗಳಾದರೂ ಯಾರೂ ತಿಳಿಸದಿದ್ದರೆ, ಯಾವ ಯಾವ ಬಾಗಿಲಿಗೆ ಬೀಗ ಬಿದ್ದಿದೆ ಎಂದು ನಾವೇ ಸುತ್ತಿ ನೋಡಿಕೊಂಡು ಬಂದು ಬರೆಯುತ್ತೇವೆ.